ಮಗಳ ಹೆಗಲ ಮೇಲೆ ಐವತ್ತೆಂಟು ಕಿಲೋ

ಊರಿನ ಅರ್ಧದಷ್ಟು ಹೆಂಗಸರ ಸೊಂಟದ ಸುತ್ತಳತೆ ಬಲ್ಲವಳು ತನ್ನ ತೂಕದ ವಿಷಯದಲ್ಲಿ ಸುಳ್ಳು ಹೇಳಬಾರದು. ಹೇಳಿದರೂ ಒಂದೆರಡು ಕಿಲೋದಷ್ಟು ಹೇಳಬೇಕು, ದೇವರು ಕ್ಷಮಿಸಿಯಾನು. ನಾನು ಹೇಳಿದ್ದು ಅಷ್ಟು ಸಣ್ಣದಲ್ಲ. ಯಳಂದೂರಿನಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿಯಿದೆ. ಹೊನ್ನೂರಿನಿಂದ ಆಟೋ ಹಿಡಿದು ಬಂದು ಬ್ಲೌಸು ಹೊಲಿಸಿಕೊಳ್ಳುವ ಗಿರಾಕಿಗಳಿದ್ದಾರೆ. ಟೇಪು ಸುತ್ತುವಾಗ ಅವರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. "ಉಸಿರು ಬಿಡ್ರಕ್ಕಾ, ನಾಳೆ ಊಟ ಮಾಡೋದು ನೀವೇ ತಾನೆ?" ಎಂದು ನಾನು ನಗುತ್ತೇನೆ. ಹಾಗೆ ನಕ್ಕ ಬಾಯಿಗೆ ಆಮೇಲೆ ಏನಾಯಿತು ಅನ್ನುವುದನ್ನು ಹೇಳುತ್ತೇನೆ.

ನನ್ನ ಮಗಳು ಸ್ಫೂರ್ತಿಗೆ ಮಿಲಿಟರಿಗೆ ಸೇರುವ ಹುಚ್ಚು. ಅವರಪ್ಪ ಕೊಳ್ಳೇಗಾಲದಿಂದ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಅಮಾವಾಸ್ಯೆಯ ಜಾತ್ರೆ ಹತ್ತಿರವಾದರೆ ಮನೆ ಕಡೆ ತಲೆಯೇ ಹಾಕುವುದಿಲ್ಲ. ಹಾಗಾಗಿ ಈ ಹುಚ್ಚಿಗೆ ಬೇಕಾದ ಮೊಟ್ಟೆ, ಬಾಳೆಹಣ್ಣು, ಶೂಗಳ ಉಸ್ತುವಾರಿ ನನ್ನದೇ. ಹನೂರಿನ ಕಡೆಯ ರಿಟೈರ್ಡ್ ಹವಾಲ್ದಾರರೊಬ್ಬರು ಬೆಳಗಿನ ಹೊತ್ತು ನಮ್ಮೂರ ಕಾಲೇಜು ಮೈದಾನದಲ್ಲಿ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಾರೆ. ಓಡಿಸಿ, ಹಾರಿಸಿ, ಎಲ್ಲರೂ ಇನ್ನೇನು ಮನೆಗೆ ಹೊರಡಬೇಕು ಅನ್ನುವಾಗ ವಿಸಿಲ್ ಊದಿ "ಈಗ ಫಿನಿಷರ್!" ಅನ್ನುತ್ತಾರಂತೆ. ನಮ್ಮ ಕಸುಬಿನಲ್ಲಿ ಫಿನಿಶಿಂಗ್ ಅಂದರೆ ಹುಕ್ಕು ಹಾಕಿ, ಕಾಜ ಹೊಲಿದು, ಅಂಚು ಮಡಚುವುದು. ಕೂತು ಮಾಡುವ ಕೆಲಸ. ಮೈದಾನದಲ್ಲಿ ಫಿನಿಷರ್ ಮಾಡಿ ಬಂದ ಮಗಳು ಹೊಸಿಲ ಮೇಲೆ ಕುಸಿದು ಕೂತು ಶೂ ಬಿಚ್ಚಲೂ ಆಗದೆ ನನ್ನ ಮುಖ ನೋಡುವುದು ಯಾಕೆಂದು ಬಹಳ ದಿನ ನನಗೆ ತಿಳಿದಿರಲಿಲ್ಲ.

ತಿಳಿಯುವ ಭಾಗ್ಯ ಬಂತು. ಇವಳ ಜೋಡಿ ಲೊಕ್ಕನಹಳ್ಳಿಯ ಪಲ್ಲವಿ ಟೈಫಾಯಿಡ್ ಬಂದು ಊರಿಗೆ ಹೋದಳು. ಫಿನಿಷರಿನ ಕೊನೆಯಲ್ಲಿ ಜೋಡಿಯನ್ನು ಹೆಗಲ ಮೇಲೆ ಹೊತ್ತು ಮೈದಾನದಾಚೆಯ ಬೇವಿನ ಮರ ಮುಟ್ಟಿ ಬರಬೇಕು. ಬೇರೆ ಹುಡುಗಿಯರಿಗೆಲ್ಲ ಜೋಡಿಗಳಿದ್ದರು. ಹುಡುಗರನ್ನು ಹೊತ್ತರೆ ಯಳಂದೂರು ಸುಮ್ಮನಿರುತ್ತದೆಯೆ? "ಅಮ್ಮಾ, ನೀನೇ ಬಾ" ಅಂದಳು ಮಗಳು. ಸೀರೆಯುಟ್ಟು ಹೆಗಲೇರುವಂತಿಲ್ಲ. ಊರಿಗೆಲ್ಲ ಚೂಡಿದಾರ ಹೊಲಿಯುವ ನಾನು ಮದುವೆಯಾದ ಮೇಲೆ ಮೊದಲ ಬಾರಿಗೆ ನನಗಾಗಿ ಒಂದು ಹೊಲಿದುಕೊಂಡೆ. ಟೇಪು ಮುಟ್ಟುವ ಧೈರ್ಯವಾಗದೆ ಕಣ್ಣಳತೆಯಲ್ಲೇ ಕತ್ತರಿಸಿದೆ. ಕಣ್ಣೂ ನನ್ನದೇ ಅಲ್ಲವೇ, ನನ್ನ ಪರವಾಗಿಯೇ ನೋಡಿತು. ಮೊದಲ ದಿನವೇ ಮಗ್ಗುಲ ಹೊಲಿಗೆ ಬಿಟ್ಟುಕೊಂಡಿತು.

ಮೈದಾನದಲ್ಲಿ ಹವಾಲ್ದಾರರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ತೂಕ ಏಟಕ್ಕಾ?" ಅಂದರು.

ಸುತ್ತ ಇಪ್ಪತ್ತು ಜನ. ಅದರಲ್ಲಿ ನನ್ನ ಗಿರಾಕಿಗಳ ಮಕ್ಕಳು ಏಳೆಂಟು. ಮಗಳು ಹುಟ್ಟುವ ಮೊದಲು ಯಾವುದೋ ಆಸ್ಪತ್ರೆಯ ಕಾಟಾ ತೋರಿಸಿದ್ದ ಅಂಕಿ ನಾಲಿಗೆಗೆ ಬಂತು. "ಐವತ್ತೆಂಟು ಸಾ" ಅಂದೆ.

"ಪಲ್ಲವಿಗಿಂತ ಒಸಿ ಜಾಸ್ತಿ. ತಕವ್ವಾ, ಎತ್ತು" ಅಂದರು ಮಗಳಿಗೆ.

ಅವಳ ಫಿನಿಷರನ್ನು ಕಣ್ಣಾರೆ ನೋಡಿದ್ದು ಆವತ್ತೇ. ಆಗಲೇ ಓಡಿ ಬಸವಳಿದ ಮಕ್ಕಳು ಕಪ್ಪೆಯಂತೆ ಕುಪ್ಪಳಿಸಿದರು, ನೆಲಕ್ಕೆ ಬಿದ್ದು ದಂಡ ಹೊಡೆದು ಮೇಲಕ್ಕೆ ಹಾರಿದರು, ಹೊಟ್ಟೆಯ ಮೇಲೆ ತೆವಳಿದರು. ಒಬ್ಬ ಹುಡುಗ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿ ಬಂದು ಮತ್ತೆ ತೆವಳಿದ. "ಕಾಲು ಸತ್ತೋದ್ಮೇಲೆ ಏನ್ ಮಾಡ್ತಿರಿ ಅನ್ನೋದೇ ನಂಗೆ ಬೇಕು ಕಣ್ರಲಾ" ಎಂದು ಹವಾಲ್ದಾರರು ಕೂಗುತ್ತಿದ್ದರು. ಅದೆಲ್ಲ ಮುಗಿದ ಮೇಲೆ ನನ್ನ ಮಗಳು ಬಗ್ಗಿ, ನನ್ನ ಕೈಯೊಂದನ್ನು ಕಾಲೊಂದನ್ನು ಹಿಡಿದು, ಹೆಗಲ ಮೇಲೆ ಅಡ್ಡಕ್ಕೆ ಹಾಕಿಕೊಂಡಳು. ಮೇಲೆದ್ದಳು ಕೂಡ. ನನ್ನ ತಲೆ ಅವಳ ಹೆಗಲ ಪಕ್ಕದಲ್ಲಿ ಕೆಳಕ್ಕೆ ನೇತಾಡುತ್ತಿತ್ತು. ವಾಕಿಂಗ್ ಬಂದಿದ್ದ ನನ್ನ ಗಿರಾಕಿ ಪುಟ್ಟಮ್ಮಣ್ಣಿಯವರು ಎದುರಾಗಿ ನಿಂತೇ ಬಿಟ್ಟರು. ಅವರ ಮುಖ ಕಾಣಲಿಲ್ಲ, ಸೀರೆಯ ಫಾಲ್ಸು ನೋಡಿ ಗುರುತು ಹಿಡಿದೆ. "ನಿಮ್ ಬ್ಲೌಸು ಸಂಜೆಗೆ ಕೊಡ್ತೀನಿ ಕಣಕ್ಕಾ" ಎಂದು ತಲೆಕೆಳಗಾಗಿಯೇ ಹೇಳಿದೆ. ಅರ್ಧ ಮೈದಾನ ದಾಟುವುದರೊಳಗೆ ಮಗಳ ಮಂಡಿ ಮಡಚಿಕೊಂಡಿತು. ಇಬ್ಬರೂ ಧೂಳಿನಲ್ಲಿದ್ದೆವು.

ಮಾರನೆಯ ದಿನವೂ ಅಷ್ಟೇ ಆಯಿತು, ಅದರ ಮಾರನೆಯ ದಿನವೂ. ನಾನು ಸುಮ್ಮನಿರಲಿಲ್ಲ ಅನ್ನಿ. ರಾತ್ರಿಯ ಮುದ್ದೆಯನ್ನು ಅರ್ಧಕ್ಕಿಳಿಸಿದೆ. ತಾಳಿಯೊಂದನ್ನು ಬಿಟ್ಟು ಓಲೆ, ಬಳೆ, ಕಾಲುಂಗುರದವರೆಗೆ ಎಲ್ಲ ಬಿಚ್ಚಿಟ್ಟು ಮೈದಾನಕ್ಕೆ ಹೋದೆ. ಅವಳು ಎತ್ತುವಾಗ, ಗಿರಾಕಿಗಳ ಹಾಗೆಯೇ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ. ನಿಜ ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ.

ಮಗಳು ಮಾತ್ರ ಸೊರಗತೊಡಗಿದಳು. ಶಕ್ತಿ ಸಾಲದೆಂದು ಸಂಜೆಯೂ ಬಸ್ಕಿ ಹೊಡೆಯಹತ್ತಿದಳು, ಮಂಡಿ ಊದಿಕೊಂಡಿತು. ಒಂದು ಮಧ್ಯಾಹ್ನ ನಾನು ಕಾಜ ಹೊಲಿಯುತ್ತಿದ್ದಾಗ ಒಳಗಿನ ಕೋಣೆಯಿಂದ ಅವಳು ಪಲ್ಲವಿಯೊಡನೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಬರೀ ಐವತ್ತೆಂಟು ಕಣೇ. ನಿನ್ನ ಹೊತ್ಕೊಂಡು ಓಡ್ತಿದ್ದೆ ನಾನು. ನಂಗೇನೋ ಆಗಿದೆ. ಈ ಸಲ ರ್ಯಾಲಿಗೆ ಹೋಗಲ್ಲ ಬಿಡು." ಮಿಲಿಟರಿಗೆ ಆಳು ಆರಿಸುವ ಆ ರ್ಯಾಲಿಗೆ ಮುಂದಿನ ಸಲ ಅನ್ನುವುದು ಅವಳಿಗಿಲ್ಲ, ವಯಸ್ಸು ಮೀರುತ್ತದೆ. ಸೂಜಿ ಬೆರಳಿಗೆ ಚುಚ್ಚಿದ್ದೂ ನನಗೆ ಗೊತ್ತಾಗಲಿಲ್ಲ. ಎದ್ದು ಹೋಗಿ ಹೇಳಿಬಿಡಬೇಕೆಂದು ಕೋಣೆಯ ಬಾಗಿಲಿಗೆ ಹೋದೆ. ಅವಳು ತಲೆಯೆತ್ತಿ ನೋಡಿದಳು. "ಕಾಪಿ ಕುಡಿತೀಯಾ?" ಅಂದೆ. ಅವಳು ಬೇಡವೆಂದಳು. ನಾನೇ ಮಾಡಿಕೊಂಡು ಕುಡಿದೆ, ಎರಡು ಚಮಚ ಸಕ್ಕರೆ ಹಾಕಿ.

ಮಾರನೆಯ ಬೆಳಗ್ಗೆ ಅವಳು ಮತ್ತೆ ಅರ್ಧದಲ್ಲೇ ಕುಸಿದಳು. ಹವಾಲ್ದಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು, "ನೋಡವ್ವಾ, ಐವತ್ತೆಂಟ್ಕೇ ಇಂಗಾದ್ರೆ ಈ ಸಲ ಬ್ಯಾಡ. ಮಂಡಿ ಕಳ್ಕತೀಯ. ಮನೆಗೋಗು" ಎಂದರು. ಮಗಳು ಶೂ ಲೇಸು ಬಿಚ್ಚತೊಡಗಿದಳು.

"ಸಾ" ಅಂದೆ. "ಐವತ್ತೆಂಟಲ್ಲ."

"ಮತ್ತೆ?"

"ಒಸಿ ಜಾಸ್ತಿ."

"ಒಸಿ ಅಂದ್ರೆ?"

"ಅರವತ್ತು... ಅರವತ್ತೈದು ಇರಬೋದು."

ಹವಾಲ್ದಾರರು ಮೇಲೆದ್ದರು. ಆಮೇಲೆ ಮೈದಾನದ ಗೇಟಿನ ಪಕ್ಕದ ಗುಜರಿ ಅಂಗಡಿ ಕಡೆ ಕೈ ತೋರಿಸಿದರು. ಹಳೇ ಪೇಪರು, ಕಬ್ಬಿಣ ತೂಗುವ ಕಾಟಾ ಅದು. ಅಂಗಡಿಯವನು ಅದರ ಮೇಲಿದ್ದ ಮುರುಕು ಸೈಕಲ್ಲನ್ನು ಇಳಿಸಿ ನನಗೆ ಜಾಗ ಮಾಡಿಕೊಟ್ಟ. ಹಿಂದೆ ಇಪ್ಪತ್ತು ಮಂದಿಯೂ ಬಂದಿದ್ದರು. ಕೆಂಪು ಅಂಕಿ ಓಡಾಡಿ, ನಿಂತು, ಎಪ್ಪತ್ತಾರು ಎಂದಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ಇಳಿದುಬಿಡುತ್ತಿದ್ದೆ. ಅಷ್ಟು ದೊಡ್ಡ ಅಂಕಿಯ ಮೇಲೆ ಒಬ್ಬಳೇ ನಿಂತಿರುವುದು ಬಹಳ ಕಷ್ಟ.

"ಎಪ್ಪತ್ತಾರು!" ಅಂದಳು ಮಗಳು. "ನಾನು ಅನ್ನ ಸೇರದೆ ಮಲಗ್ತಿದ್ದೆನಲ್ಲಮ್ಮ. ನೀನು ನೋಡ್ತಾನೇ ಇದ್ದೆ." ಅವಳು ಲೇಸು ಮತ್ತೆ ಬಿಗಿದುಕೊಂಡಳು. ಮೈದಾನಕ್ಕೆ ನಡೆದು, ಬಗ್ಗಿ ನಿಂತು, "ಬಾ" ಎಂದಳು. ಆ "ಬಾ" ಎನ್ನುವುದರಲ್ಲಿ "ಅಮ್ಮ" ಇರಲಿಲ್ಲ. ಹೊತ್ತಳು. ಬೇವಿನ ಮರ ಮುಟ್ಟಿದಳು, ತಿರುಗಿದಳು. ಅವಳ ಉಸಿರು ನನ್ನ ಪಕ್ಕೆಗೆ ಬಡಿಯುತ್ತಿತ್ತು, ಬೆವರು ನನ್ನ ಬಟ್ಟೆಗಿಳಿಯುತ್ತಿತ್ತು. ಅಳುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯಲಿಲ್ಲ, ಇಳಿಸುವವರೆಗೂ ನಿಲ್ಲಲಿಲ್ಲ. ಇಳಿಸಿದ ಮೇಲೆ ಒಂದು ವಾರ ನನ್ನೊಡನೆ ಮಾತಾಡಲೂ ಇಲ್ಲ.

ರ್ಯಾಲಿಯಲ್ಲಿ ಅವಳು ಪಾಸಾದಳು. ಮೆಡಿಕಲ್ಲೂ ಆಯಿತು. ಈಗ ದೂರದ ಊರಿನಲ್ಲಿ ಟ್ರೈನಿಂಗಿನಲ್ಲಿದ್ದಾಳೆ. ಊರವರು ಅಂಗಡಿಗೆ ಬಂದು ಹೊಗಳುತ್ತಾರೆ. ಹೊಗಳಿಕೆ ಕೇಳುತ್ತ ಕೇಳುತ್ತ ನನ್ನ ಬಾಯಿ ಮತ್ತೆ ಹಳೇ ಚಾಳಿಗೆ ಬಿತ್ತು. ಒಂದು ದಿನ ಹೊನ್ನೂರಿನ ಗಿರಾಕಿಯೊಬ್ಬರಿಗೆ, "ನಾನು ಬೇಕೂಂತಲೇ ಕಮ್ಮಿ ಹೇಳಿದ್ದು ಕಣಕ್ಕಾ. ನಿಜ ಹೇಳಿದ್ರೆ ಎದೆಗುಂದ್ತಿದ್ಲು. ತಾಯಿಗೆ ಗೊತ್ತಾಗಲ್ವಾ?" ಎಂದುಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಆ ಕಥೆ ಹೊನ್ನೂರಿನ ನನ್ನ ನಾದಿನಿಯ ಮನೆ ಮುಟ್ಟಿ, ಅಲ್ಲಿಂದ ಫೋನಿನಲ್ಲಿ ಟ್ರೈನಿಂಗ್ ಸೆಂಟರನ್ನೂ ಮುಟ್ಟಿತು.

ಕಳೆದ ಭಾನುವಾರ ಮಗಳ ಫೋನು ಬಂತು. "ಅಮ್ಮಾ, ಅತ್ತೆ ಹೇಳಿದ್ರು. ನೀನು ನನಗೋಸ್ಕರನೇ ಸುಳ್ಳು ಹೇಳಿದ್ದಂತೆ? ನಾನು ಸುಮ್ನೆ ಒಂದು ವಾರ ನಿನ್ನ ಮಾತಾಡಿಸ್ಲಿಲ್ಲ. ನಿಜಾನಾಮ್ಮ?" ನಿಜವೆಂದು ನಂಬಲು ಅವಳಾಗಲೇ ತಯಾರಾಗಿದ್ದಳು.

"ಗಿರಾಕಿ ಬಂದವ್ರೆ ಕಣವ್ವಾ, ಆಮ್ಯಾಕ್ ಮಾಡ್ತೀನಿ" ಎಂದು ಫೋನಿಟ್ಟೆ. ಅಂಗಡಿಗೆ ಆವತ್ತು ರಜ. ಬಾಗಿಲು ಹಾಕಿಕೊಂಡು ಒಳಗೆ ನಾನೊಬ್ಬಳೇ ಕೂತಿದ್ದೆ.