ಮದುವೆಯ ಕೋಟು ತೊಟ್ಟ ಪತ್ತೇದಾರ

ಸಿಂದಗಿಯ ನಮ್ಮ ಓಣಿಯಲ್ಲಿ ಪದವೀಧರರು ಬೇರೆಯವರೂ ಇದ್ದಾರು. ನಮ್ಮ ಮನೆತನದಲ್ಲಿ ಮಾತ್ರ ಮೊದಲನೆಯವನು ನಾನೇ. ಹಗಲು ತೊಗರಿ ರಾಶಿ ಮಾಡಿ, ಉಳಿದ ಹೊತ್ತಿನಲ್ಲಿ ಓದಿ, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸು ಮಾಡಿದ ಬಿ.ಎ. ಅದು. ಹೀಗಾಗಿ ಬುದ್ಧಿ ಬೇಕಾಗುವ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ. ಬುದ್ಧಿ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ!

ನನಗೊಂದು ಚಟವಿದೆ. ಹಳೆಯ ಇಂಗ್ಲಿಷ್ ಕಪ್ಪು-ಬಿಳುಪು ಅಪರಾಧ ಚಿತ್ರಗಳು. ಮಳೆ, ದೀಪದ ಕಂಬ, ಗೋಡೆಯ ಮೇಲೆ ಉದ್ದ ನೆರಳು, ಕೋಟು ತೊಟ್ಟ ಪತ್ತೇದಾರ, ನಂಬಬಾರದ ಒಬ್ಬ ಸುಂದರಿ. ಬಲ್ಲವರು ಇವನ್ನು ‘ನ್ವಾರ್’ ಎನ್ನುತ್ತಾರೆ. ನಾನೂ ಬಲ್ಲವನೇ! ಇದೇ ಜಾತಿಯ ಹೊಸ ಚಿತ್ರಗಳು ಬಣ್ಣದಲ್ಲಿರುತ್ತವೆ. ಒಳಗಿನ ಜನರ ಮನಸ್ಸು ಮಾತ್ರ ಅಷ್ಟೇ ಕಪ್ಪು. ನನ್ನ ಹೆಂಡತಿ ಶಾಂತಾಳ ವಿಮರ್ಶೆಯೇ ಬೇರೆ.

“ಅಲ್ರಿ, ಬಣ್ಣದ ಟಿವಿ ತಂದು ಕರಿ-ಬಿಳಿ ನೋಡ್ತೀರಿ. ಎಲ್ಲಾರೂ ಸಿಗರೇಟ್ ಸೇದತಾರ, ಒಬ್ಬರೂ ಊಟ ಮಾಡೂದಿಲ್ಲ. ಆ ಹಸಿವಿಗೇ ಖೂನಿ ಮಾಡತಾರ ನೋಡ್ರಿ!”

ಹೀಗಿರುವಾಗ ತಂಗಿ ರೇಣುಕಾಳಿಗೆ ಬಸವನ ಬಾಗೇವಾಡಿಯಿಂದ ಒಂದು ಸಂಬಂಧ ಬಂತು. ಹುಡುಗನದು ಬೀಜ-ಗೊಬ್ಬರದ ಅಂಗಡಿ. ಹುಡುಗಿ ತೋರಿಸುವ ಮೊದಲು ಹುಡುಗನ ಊರಿಗೆ ಒಬ್ಬರನ್ನು ಗುಟ್ಟಾಗಿ ಕಳಿಸಿ, ಕುಡಿಯುತ್ತಾನೋ, ಇಸ್ಪೀಟಾಡುತ್ತಾನೋ ಎಂದು ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಸಾಮಾನ್ಯರು ಎರಡು ಹೋಟೆಲಿನಲ್ಲಿ ಚಹಾ ಕುಡಿದು, ನಾಲ್ಕು ಮಾತು ಕೇಳಿ ಬಂದುಬಿಡುತ್ತಾರೆ.

“ತಮ್ಮಾ, ನೀ ಕಲತಾಂವ ಅದಿ. ನೀನ ಹೋಗು,” ಎಂದರು ಅಪ್ಪ.

ರೇಣುಕಾ ಬಾಗಿಲವರೆಗೂ ಬಂದಳು. “ಅಣ್ಣಾ, ಫೋಟೋ ನೋಡೇನಿ. ಹುಡುಗ ಮನಸಿಗೆ ಬಂದಾನ. ಕೈ ಮುಗೀತೇನಿ, ಕೆಡಿಸಿ ಬರಬ್ಯಾಡ.”

ಕೆಡಿಸುವುದೆಂದರೇನು! ಈ ವಿದ್ಯೆಯನ್ನು ನನ್ನಷ್ಟು ನೋಡಿ ಕಲಿತವರು ಇಂಡಿ, ಮುದ್ದೇಬಿಹಾಳದವರೆಗೆ ಹುಡುಕಿದರೂ ಸಿಗಲಾರರು.

ಪತ್ತೇದಾರನಿಗೆ ಕೋಟು ಬೇಕು. ನನ್ನಲ್ಲಿದ್ದದ್ದು ನನ್ನ ಮದುವೆಯದು. ಕೊರಳವರೆಗೆ ಗುಂಡಿ, ಎದೆಯ ಮೇಲೆ ಜರಿಯ ಹೂವು. ಉರಿಬಿಸಿಲಲ್ಲಿ ಅದನ್ನು ತೊಟ್ಟು, ಕರಿ ಕನ್ನಡಕ ಏರಿಸಿ, ಅತ್ಯಂತ ಗುಟ್ಟಾಗಿ ಬಸ್ ಹತ್ತಿದೆ. ದೇವರ ಹಿಪ್ಪರಗಿ ಬರುವಷ್ಟರಲ್ಲಿ ಇಡೀ ಬಸ್ಸಿಗೆ ನನ್ನ ಪರಿಚಯವಾಗಿತ್ತು.

“ಮದುವಿ ಎಲ್ಲೈತ್ರಿ ಸರ?” ಎಂದ ಕಂಡಕ್ಟರ್.

ಹಿಂದಿನ ಸೀಟಿನ ಹೆಂಗಸು ಉತ್ತರ ಕೊಟ್ಟಳು: “ಮದುಮಗ ಒಬ್ಬನ ಹೊಂಟಾನಂದ್ರ ಓಡಿ ಬಂದಾನ ಬಿಡ್ರಿ!”

ಬಾಗೇವಾಡಿಯಲ್ಲಿ ಇಳಿದಾಗ ನಡುಮಧ್ಯಾಹ್ನ. ನ್ವಾರ್‌ಗೆ ನೆರಳು ಬೇಕೇ ಬೇಕು. ನನ್ನ ನೆರಳೋ, ಬಿಸಿಲಿಗೆ ಹೆದರಿ ಚಪ್ಪಲಿಯ ಕೆಳಗೆ ಅಡಗಿತ್ತು! ಹುಡುಗನ ಅಂಗಡಿಯ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತು, ಚಿತ್ರಗಳಲ್ಲಿ ಮಾಡುವಂತೆ ಪತ್ರಿಕೆ ಬಿಡಿಸಿ ಮುಖ ಮುಚ್ಚಿಕೊಂಡೆ.

“ಸರ, ನಡಕಿನ ಹಾಳಿ ಕೊಡ್ರಿ.” ಕೊಟ್ಟೆ.

“ಆಟದ ಸುದ್ದಿ ಈ ಕಡೆ ಕೊಡ್ರಿ.” ಕೊಟ್ಟೆ.

“ಅಣ್ಣಾರ, ನಮ್ಮ ಜಿಲ್ಲಾದ್ದು?” ಅದೂ ಹೋಯಿತು.

ಚಹಾ ಬರುವ ಮೊದಲೇ ಬೆಂಚಿನವರೆಲ್ಲ ಪತ್ರಿಕೆಯ ಹಿಂದೆ ಮರೆಯಾಗಿದ್ದರು. ಬಯಲಿಗೆ ಬಿದ್ದ ಮುಖ ನನ್ನದೊಂದೇ!

ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಸ್ಕೂಟಿ ನಿಂತಿತು. ಓಡಣಿಯಿಂದ ಮುಖವನ್ನೆಲ್ಲ ಸುತ್ತಿಕೊಂಡ ಹೆಣ್ಣು. ಕಣ್ಣಷ್ಟೇ ಕಾಣುತ್ತಿತ್ತು. ಹುಡುಗನ ಕೈಗೆ ಒಂದು ಚೀಲ ಕೊಟ್ಟಳು, ಇಬ್ಬರೂ ನಕ್ಕರು, ಹೊರಟೇಬಿಟ್ಟಳು. ನಂಬಬಾರದ ಸುಂದರಿ! ಬಿಸಿಲಿಗೆ ಈ ಕಡೆಯ ಹೆಣ್ಣುಮಕ್ಕಳು, ನಮ್ಮ ರೇಣುಕಾ ಕೂಡ, ಮುಖ ಸುತ್ತಿಕೊಂಡೇ ತಿರುಗುತ್ತಾರೆ ಎಂಬುದು ಆ ಗಳಿಗೆಯಲ್ಲಿ ಪದವೀಧರನಿಗೆ ಹೊಳೆಯಲಿಲ್ಲ.

ಓಡಿಹೋಗಿ ಟಂಟಂ, ಅಂದರೆ ನಮ್ಮ ಕಡೆಯ ಶೇರ್ ಆಟೋ, ಹತ್ತಿದೆ. “ಆ ಸ್ಕೂಟಿ ಹಿಂದ ಹೋಗು! ಜಲ್ದಿ!”

ಡ್ರೈವರ್ ತಲೆ ಎತ್ತಲಿಲ್ಲ. “ಸೀಟ ತುಂಬಲಿ ಸರ.”

ನಾನು ನೋಡಿದ ಯಾವ ಚಿತ್ರದಲ್ಲೂ ಈ ಮಾತಿರಲಿಲ್ಲ!

ಸೀಟು ತುಂಬುವಷ್ಟರಲ್ಲಿ ಸ್ಕೂಟಿ ಮಾಯವಾಗಿತ್ತು. ಪಕ್ಕದಲ್ಲಿ ಸಂತೆಚೀಲ ಹಿಡಿದ ಒಬ್ಬ ಅಜ್ಜಿ ಬಂದು ಕೂತಳು.

“ಯಾ ಊರೋ ತಮ್ಮಾ?”

“ಸಿಂದಗಿ.”

“ಈ ಬಿಸಲಾಗ ಕೋಟ್ಯಾಕೋ?”

“ಗುಟ್ಟಿನ ಕೆಲಸ ಐತಿಬೇ.”

“ಹೇಳು. ನಾ ಮುದುಕಿ, ಯಾರ ಮುಂದ ಹೇಳ್ಲಿ?”

ಪೊಲೀಸರು ಕಣ್ಣಿಗೆ ದೀಪ ಹಿಡಿದರೂ ಬಾಯಿ ಬಿಡದ ನಾಯಕರನ್ನು ಮೆಚ್ಚಿದವನು ನಾನು. ಟಂಟಂ ಎರಡನೇ ಗೇರಿಗೆ ಬೀಳುವ ಮೊದಲೇ ಎಲ್ಲ ಹೇಳಿಬಿಟ್ಟಿದ್ದೆ! ತಂಗಿಯ ಸಂಬಂಧ, ಗೊಬ್ಬರದ ಅಂಗಡಿ, ಮುಖ ಮುಚ್ಚಿದ ಹೆಣ್ಣು, ನನ್ನ ಸಂಶಯ. ರೇಣುಕಾಳ ಸಿಟ್ಟು ಮೂಗಿನ ಮೇಲೆ ಎಂಬುದನ್ನೂ, ಆಕೆ ಕೇಳದಿದ್ದರೂ, ಸೇರಿಸಿದೆ.

“ಬಾ, ಆ ಸ್ಕೂಟಿ ಎಲ್ಲಿ ನಿಲ್ಲತೈತಿ ನನಗ ಗೊತ್ತೈತಿ,” ಎಂದು ಅಜ್ಜಿ ಒಂದು ಮನೆಗೆ ಕರೆದೊಯ್ದಳು. ಅಂಗಳದಲ್ಲಿ ಅದೇ ಸ್ಕೂಟಿ! ಅಜ್ಜಿ ಒಳಗೆ ಮುಖ ಮಾಡಿ ಕೂಗಿದಳು:

“ಸಾವಿತ್ರಿ, ನೀರ ತಗೊಂಡ ಬಾರವಾ. ಸಿಂದಗಿ ಹುಡಗಿ ಅಣ್ಣ ಬಂದಾನ. ನೀ ನಿನ್ನ ತಮ್ಮಗ ಬುತ್ತಿ ಕೊಟ್ಟದ್ದ ನೋಡಿ ನಿನ್ನ ಬೆನ್ನ ಹತ್ತ್ಯಾನ, ಪಾಪ!”

ಆ ಸುಂದರಿ ಹುಡುಗನ ಅಕ್ಕ. ಅಜ್ಜಿ, ಹುಡುಗನ ಸ್ವಂತ ಅಜ್ಜಿ!

ಮನೆಮಂದಿಯೆಲ್ಲ ಸುತ್ತ ಕೂತರು. “ಕೋಟ ತಗೀರಿ, ಬಾಳ ಶೆಕಿ ಐತಿ,” ಎಂದು ಉಪಚರಿಸಿದರು. ತೆಗೆಯುವಂತಿರಲಿಲ್ಲ. ಯಾರಿಗೆ ಕಾಣುತ್ತದೆಂದು ಒಳಗೆ ಬರೀ ಬನಿಯನ್ ತೊಟ್ಟು ಬಂದಿದ್ದೆ!

ನಾನು ಸಿಂದಗಿ ಮುಟ್ಟುವ ಮೊದಲೇ ಅವರ ಫೋನ್ ಬಂದಿತ್ತು: “ಹುಡಗಿ ಬಗ್ಗೆ ಏನೂ ಇಲ್ರಿ. ಅಣ್ಣಾರ ತಲಿ ಹೆಂಗ್ರಿ? ಒಂಚೂರು ವಿಚಾರಿಸಿ ಹೇಳ್ತೇವಿ.”

ರೇಣುಕಾ ನನ್ನ ಜೊತೆ ಮಾತು ಬಿಟ್ಟಳು. ಶಾಂತಾ ಕೇಳಿದಳು: “ನಿಮ್ಮ ಸಿನಿಮಾದಾಗ ಕಡೀಕ ಏನಾಗತೈತ್ರಿ?”

“ನಾಯಕ ಸಾಯತಾನ.”

“ಬಾಳ ಚಲೋ ಸಿನಿಮಾ ಬಿಡ್ರಿ!”

ಕೆಲವು ದಿನಗಳ ನಂತರ ನಮ್ಮೂರ ಹೋಟೆಲಿನಲ್ಲಿ ಧೋತರದ ಹಿರಿಯರೊಬ್ಬರು ನನ್ನ ಪಕ್ಕ ಕೂತು, ನಮ್ಮ ಮನೆಯ ಹೆಸರು ಹೇಳಿ, “ಆ ಮನಿ ಮಗ ಹೆಂಗ್ರಿ?” ಎಂದರು. ಅವರು ಬಾಗೇವಾಡಿಯ ಗೂಢಚಾರರೆಂದು ತಕ್ಷಣ ಪತ್ತೆ ಹಚ್ಚಿದೆ! ನನ್ನ ಗುರುತು ಬಿಟ್ಟುಕೊಡದೆ ಹೇಳಿದೆ: “ಅಂಥಾ ಶಾಣ್ಯಾ ಈ ತಾಲೂಕಿನ್ಯಾಗ ಇನ್ನೊಬ್ಬಿಲ್ರಿ!”

ನಿಶ್ಚಿತಾರ್ಥದ ದಿನ ಅದೇ ಹಿರಿಯರು ಹುಡುಗನ ಸೋದರಮಾವನಾಗಿ ಬಂದಿದ್ದರು. ತುಂಬಿದ ಸಭೆಯಲ್ಲಿ ನನ್ನತ್ತ ಕೈ ಮಾಡಿ ಹೇಳಿದರು: “ಆ ಮನಿ ಮಗ ಇವರ ಅಂತ ಹೋಟೆಲಿನಾಂವ ಮೊದಲ ತೋರಿಸಿದ್ದ. ತಮ್ಮನ್ನ ತಾವ ಹೊಗಳಿಕೊಂಡದ್ದು ಕೇಳಿ ನನಗ ಖಾತ್ರಿ ಆತು. ಬಾಳ ಕಲತಾರ, ಖರೆ ಇವರಿಂದ ಯಾರಿಗೂ ತ್ರಾಸಿಲ್ಲ!”

ಎರಡೂ ಕಡೆಯ ಹಿರಿಯರು ಹೌದೆಂದು ಗೋಣು ಹಾಕಿದರು. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮಾತಿನ ಮೇಲೇ ಅವಳ ಮದುವೆ ನಿಂತಿತ್ತು.

ಎಲ್ಲರಿಗಿಂತ ಜೋರಾಗಿ ನಾನೂ ಗೋಣು ಹಾಕಿದೆ!