ಸಿಂಗಾಪುರದ ಇಂಗ್ಲಿಷು

ನಮ್ಮ ಚಿಕ್ಕಮ್ಮನ ಪ್ರಕಾರ ಇಂಗ್ಲಿಷ್ ಅನ್ನುವ ಭಾಷೆಯೇ ಇಲ್ಲ! ಇರುವುದು ಕನ್ನಡ ಒಂದೇ. ಅದನ್ನು ಯಾರೋ ಸಮುದ್ರದಾಚೆ ಸಾಗಿಸಿ, ಮಡಿಚಿ ಮುದುರಿ, ಗುರುತು ಸಿಗದ ಹಾಗೆ ಮಾಡಿ ನಮಗೇ ವಾಪಸ್ ಕಳಿಸಿದ್ದಾರೆ. ಇಸ್ತ್ರಿ ಹಾಕಿ ನೋಡಿದರೆ ಒಳಗೆ ಕನ್ನಡವೇ ಸಿಗುತ್ತದಂತೆ. ನಂಬಿಕೆ ಬರುವುದಿಲ್ಲವೇ? ನನಗೂ ಬಂದಿರಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು, ಕ್ಯಾಂಡಿಡ್ ಅಂದರೇನು ಹೇಳು ಅಂದಳು. ಮುಚ್ಚುಮರೆ ಇಲ್ಲದೆ ಮಾತಾಡುವುದು ಅಂದೆ.

"ಅದೇ ಕಣೇ, ಕಂಡಿದ್ದು. ಕಂಡಿದ್ದನ್ನ ಕಂಡಂಗೆ ಹೇಳೋದು."

ನಾನು ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮುಂದಿನ ಪದಕ್ಕೆ ಹೋಗಿಯಾಗಿತ್ತು.

ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ವಾಸ ಸಿಂಗಾಪುರದಲ್ಲಿ. ವಿಮಾನ ಹತ್ತಿ ಹೋಗುವ ಸಿಂಗಾಪುರ ಅಲ್ಲ ಮಹರಾಯರೇ, ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ. ಅವಳು ಮದುವೆಯಾಗಿ ಬಂದಾಗ ಮನೆಯ ಸುತ್ತ ರಾಗಿ ಹೊಲವಿತ್ತು. ಈಗ ಆ ಹೊಲದ ಮೇಲೆ ಬಾಡಿಗೆ ಮನೆಗಳು ಎದ್ದಿವೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಮನೆಯಲ್ಲಿರುವುದು ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಬಾಡಿಗೆ ಬರುತ್ತದೆ, ಊಟಕ್ಕೆ ತೊಂದರೆಯಿಲ್ಲ. ಐವತ್ತು ದಾಟಿದ ಹೆಂಗಸು ಇಂಥ ಸ್ಥಿತಿಯಲ್ಲಿ ಏನು ಮಾಡಬೇಕು? ಧಾರಾವಾಹಿ ನೋಡಬೇಕು, ತೀರ್ಥಯಾತ್ರೆ ಮಾಡಬೇಕು. ಇವಳು ಸಮಾಜಕಾರ್ಯದಲ್ಲಿ ಎಂ.ಎ. ಓದುತ್ತೇನೆಂದು ಹೊರಟಳು! ಬಿ.ಎ.ಯನ್ನು ಮನೆಯಲ್ಲೇ ಕೂತು ಕನ್ನಡದಲ್ಲಿ ಮುಗಿಸಿದ್ದಳು. ಆದರೆ ಎಂ.ಎ. ಸೀಟಿಗೆ ಪ್ರವೇಶ ಪರೀಕ್ಷೆಯಿತ್ತು, ಅದರಲ್ಲೊಂದು ಇಂಗ್ಲಿಷ್ ಪತ್ರಿಕೆಯಿತ್ತು. ಉದ್ದುದ್ದ ಪ್ಯಾಸೇಜು ಕೊಟ್ಟು, ಅರ್ಥವಾಯಿತೋ ಇಲ್ಲವೋ ಎಂದು ಕೆದಕಿ ಕೆದಕಿ ಕೇಳುತ್ತಾರೆ. ಅದನ್ನು ದಾಟಿದರೆ ಸೀಟು, ಇಲ್ಲದಿದ್ದರೆ ಇಲ್ಲ.

ಮೊದಲ ಸಲ ದಾಟಲಿಲ್ಲ. ಕೆಡಿಸಿದ್ದು ಆಲ್ಟರ್ಕೇಶನ್ ಅನ್ನುವ ಪದ. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರ ನಡುವೆ ಆಲ್ಟರ್ಕೇಶನ್ ಆಯಿತು, ಪೊಲೀಸರು ಬಂದರು ಎಂದು ಪ್ಯಾಸೇಜಿನಲ್ಲಿತ್ತಂತೆ. ಅದರ ಅರ್ಥ ಜಗಳ ಎಂದು ಇವಳಿಗೆ ಯಾರು ಹೇಳಬೇಕು? ಟೈಲರ್ ಹತ್ತಿರ ಬ್ಲೌಸ್ ಆಲ್ಟರ್ ಮಾಡಿಸುವುದು ಗೊತ್ತಿತ್ತು, ಇದೂ ಅದೇ ಎಂದುಕೊಂಡಳು. ಬ್ಲೌಸ್ ಬಿಗಿಮಾಡಿಸಿದ್ದಕ್ಕೆ ಪೊಲೀಸರು ಯಾಕೆ ಬಂದರು ಅಂತ ಅನುಮಾನ ಬರಲಿಲ್ಲವಾ ಎಂದು ಕೇಳಿದೆ.

"ಟೈಲರ್ ಕೆಡಿಸಿರ್ತಾನೆ ಅಂದ್ಕೊಂಡೆ. ನನ್ ರೇಷ್ಮೆ ಬ್ಲೌಸ್ ಕೆಡಿಸ್ದಾಗ ನಂಗೂ ಪೊಲೀಸ್ನೋರ್ನ ಕರೀಬೇಕು ಅನ್ಸಿತ್ತು."

ಇಲ್ಲಿಗೆ ಇವಳ ಓದಿನ ಹುಚ್ಚು ಇಳಿಯಿತು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಆ ಸೋಲಿನಿಂದ ಅವಳು ಕಲಿತ ಪಾಠವೇ ಬೇರೆ. ಇಂಗ್ಲಿಷನ್ನು ಇಂಗ್ಲಿಷಿನಿಂದ ಕಲಿಯಲು ಹೋದದ್ದೇ ತಪ್ಪಾಯಿತಂತೆ! ಅಂದಿನಿಂದ ಶುರುವಾಯಿತು ನೋಡಿ, ಇಸ್ತ್ರಿ ಹಾಕುವ ಕೆಲಸ. ನಾನು ಕಾನ್ವೆಂಟಿನಲ್ಲಿ ಓದಿದವಳು, ಇರುವುದು ಸಂಜಯನಗರದಲ್ಲಿ, ಭಾನುವಾರ ರಜೆ. ಇಷ್ಟು ಅರ್ಹತೆ ಸಾಕೆಂದು ನನ್ನನ್ನು ಮೇಷ್ಟರನ್ನಾಗಿ ನೇಮಿಸಿಕೊಂಡಳು. ನಾನು ಹೋಗಿ ಪದ ಹೇಳಬೇಕು, ಅರ್ಥ ಹೇಳಬೇಕು. ಅವಳು ಕಣ್ಣು ಮುಚ್ಚಿ, ಆ ಪದವನ್ನು ಎಲೆ ಅಡಿಕೆಯಂತೆ ಬಾಯಲ್ಲಿ ಅತ್ತಿತ್ತ ಹೊರಳಿಸಿ, ಒಳಗಿನ ಕನ್ನಡವನ್ನು ಹಿಂಡಿ ತೆಗೆಯುತ್ತಾಳೆ. ನುವಾನ್ಸ್ ಅಂದರೆ ಸೂಕ್ಷ್ಮ ವ್ಯತ್ಯಾಸ ಅಂದೆ. ನೂಲು, ನೂಲಿನಷ್ಟು ವ್ಯತ್ಯಾಸ ಅಂದಳು. ಮಿಟಿಗೇಟ್ ಅಂದರೆ ತೀವ್ರತೆ ತಗ್ಗಿಸುವುದು ಅಂದೆ. ಮಿತಿ ಮೀರದ ಹಾಗೆ ಗೇಟ್ ಹಾಕುವುದು ಅಂದಳು. ಇದೆಲ್ಲ ಲ್ಯಾಟಿನ್ನಿಂದ ಬಂದದ್ದು, ನೂಲಿಗೂ ಗೇಟಿಗೂ ಸಂಬಂಧವಿಲ್ಲ ಎಂದು ತಿಳಿಹೇಳಲು ಹೋದೆ. ಲ್ಯಾಟಿನ್ ನಮ್ಮ ಸಿಂಗಾಪುರಕ್ಕೆ ಯಾವ ಬಸ್ಸಿನಲ್ಲಿ ಬಂತು ಎಂದು ಕೇಳಿದಳು. ನನಗೆ ಬಸ್ ನಂಬರ್ ಗೊತ್ತಿರಲಿಲ್ಲ.

ಅಡುಗೆಮನೆಯೂ ಪಾಠಶಾಲೆಯಾಯಿತು. ರಿಫ್ರೇನ್ ಅಂದರೆ ಮಾಡದೆ ಇರುವುದು. ಯಾಕೆ? ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಫ್ರೈ ಮಾಡಬಾರದು, ಅದಕ್ಕೆ! ಎಲೂಸಿವ್ ಅಂದರೆ ಕೈಗೆ ಸಿಗದೆ ತಪ್ಪಿಸಿಕೊಳ್ಳುವವನು. ಇದಕ್ಕಂತೂ ಅವಳು ಕಣ್ಣು ಮುಚ್ಚಲೂ ಇಲ್ಲ. ಎಲ್ಲೂ ಸಿಗದವನು, ಮುಗಿಯಿತು. ಬಾಡಿಗೆ ಮನೆಯೊಂದರಲ್ಲಿ ನಲ್ಲಿ ಸೋರುತ್ತಿತ್ತು, ಪ್ಲಂಬರ್ ನಾಳೆ ನಾಳೆ ಎನ್ನುತ್ತಿದ್ದ. ಅವನಿಗೆ ಎಲೂಸಿ ಎಂದೇ ಹೆಸರಾಯಿತು. ಕಡೆಗೊಂದು ದಿನ ಅವನು ಬಂದಾಗ ಬಾಗಿಲು ತೆಗೆದದ್ದು ಚಿಕ್ಕಮ್ಮನ ಅತ್ತೆ, ಎಂಬತ್ತು ದಾಟಿದ ಅಜ್ಜಿ. ಅವರಿಗೆ ಶಾಲೆಯ ಮೆಟ್ಟಿಲು ಹತ್ತಿ ಗೊತ್ತಿಲ್ಲ. ಒಳಗೆ ತಿರುಗಿ ಸೊಸೆಯನ್ನು ಕೂಗಿದರು.

"ಏನವ್ವಾ, ನಿನ್ ಎಲೂಸಿ ಬಂದವ್ನೆ, ಕಾಪಿ ಇಕ್ಲಾ?"

ತನ್ನನ್ನು ಕ್ರೈಸ್ತನೆಂದು ತಪ್ಪು ತಿಳಿದು ಇವರು ಹಾಗೆ ಕರೆಯುತ್ತಾರೆ ಎಂದೇ ಆ ಪ್ಲಂಬರ್ ಇವತ್ತಿಗೂ ಅಂದುಕೊಂಡಿದ್ದಾನೆ.

ಬೀದಿಯಲ್ಲಿಯೂ ಬಿಡುವಿರಲಿಲ್ಲ. ಒಮ್ಮೆ ಇಬ್ಬರೂ ಆಟೋದಲ್ಲಿ ಹೋಗುತ್ತಿದ್ದೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ಕೆಮ್ಮುತ್ತ ನಿಂತಿದ್ದವು. ಆಟೋದವನು ಎಂಜಿನ್ ಆರಿಸಿ, ಇನ್ನೇನ್ ಮಾಡಕ್ಕಾಗುತ್ತೆ ಮೇಡಂ ಎಂದು ಕೈಚೆಲ್ಲಿದ. ಚಿಕ್ಕಮ್ಮ ನನ್ನ ತೊಡೆಗೆ ಫಟ್ ಎಂದು ಹೊಡೆದಳು. ತಪ್ಪಿಸಲಾಗದ್ದು, ಇನೆವಿಟಬಲ್, ಬೆಳಗಿನಿಂದ ನಾಲಿಗೆಗೆ ಹತ್ತದ ಪದ ಸಿಕ್ಕಿಬಿಟ್ಟಿತ್ತು! ಇನ್ನೇನ್ ಮಾಡಕ್ಕಾಗುತ್ತೆ, ಇನ್ನೇ, ಇನೆ, ಇನೆವಿಟಬಲ್. ಆಟೋದವನಿಗೂ ಹೇಳಿಕೊಟ್ಟಳು. ಫ್ಲೈಓವರ್ ಇಳಿಯುವ ಹೊತ್ತಿಗೆ ಅವನು ಪಕ್ಕದ ಆಟೋದವನಿಗೆ ಹೇಳುತ್ತಿದ್ದ. ಇಡೀ ಉತ್ತರ ಬೆಂಗಳೂರು ಒಂದು ತರಗತಿ ಎಂದು ತಿಳಿದುಕೊಳ್ಳಲು ಎಂಥ ಧೈರ್ಯ ಬೇಕು, ಹೇಳಿ.

ನಗಲು ಹೋದವಳು ನಾನೇ ಸಿಕ್ಕಿಬಿದ್ದೆ. ಆಫೀಸಿನ ಮೀಟಿಂಗಿನಲ್ಲಿ ನಮ್ಮ ಬಾಸು ಯಾವುದೋ ಷರತ್ತು ಆಂಬಿಗ್ಯುಯಸ್ ಆಗಿದೆ ಎಂದು ಗಂಭೀರವಾಗಿ ಹೇಳುತ್ತಿದ್ದರು. ನನ್ನ ಕಣ್ಣೆದುರು ಒಬ್ಬ ಅಂಬಿಗ ನಡುನೀರಿನಲ್ಲಿ ಹುಟ್ಟು ಹಿಡಿದು, ಈ ದಡವೋ ಆ ದಡವೋ ಎಂದು ನೋಡುತ್ತ ನಿಂತುಬಿಟ್ಟ. ಎಲ್ಲರೆದುರು ನಕ್ಕುಬಿಟ್ಟೆ. ಇಷ್ಟು ವರ್ಷ ಆ ಪದ ಬಳಸಿದ್ದೇನೆ, ಎರಡರ್ಥದ ನಡುವೆ ಹೊಯ್ದಾಡುವುದು ಹೇಗಿರುತ್ತದೆ ಎಂದು ಅವತ್ತೇ ನೋಡಿದ್ದು. ನಾನು ಅವಳಿಗೆ ಕಲಿಸುತ್ತಿದ್ದೇನೋ, ಅವಳು ನನಗೋ? ನನಗೆ ಅವಳ ಮೇಲೆ ಪ್ರೀತಿ ಮೊದಲೇ ಇತ್ತು. ಬೆರಗು ಹುಟ್ಟಿದ್ದು ಆಗ.

ಇಷ್ಟೆಲ್ಲ ಯಾಕೆ ಬೇಕು ಚಿಕ್ಕಮ್ಮ ಎಂದು ಎಷ್ಟೋ ಸಲ ಕೇಳಿದ್ದೇನೆ. ಓದಬೇಕು ಅಷ್ಟೇ ಎನ್ನುತ್ತಿದ್ದಳು. ಮುಂದಿನ ಪದ ಹೇಳು ಎನ್ನುತ್ತಿದ್ದಳು.

ಎರಡನೆಯ ಸಲದ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಯಶವಂತಪುರದ ಒಂದು ಕಾಲೇಜು. ಗೇಟಿನಲ್ಲಿ ಕಾವಲುಗಾರ, ಪೇರೆಂಟ್ಸ್ ಎಲ್ಲ ಹೊರಗೆ ಕೂರಬೇಕು ಎಂದು ಅವಳನ್ನು ತಡೆದು, ನನ್ನನ್ನು ಒಳಗೆ ಬಿಡಲು ನೋಡಿದ. ಚಿಕ್ಕಮ್ಮ ತನ್ನ ಹಾಲ್ ಟಿಕೆಟ್ ಅವನ ಮೂಗಿನ ಮುಂದೆ ಹಿಡಿದು, ಪೇರೆಂಟ್ ಇವಳು ಎಂದು ನನ್ನ ಕಡೆ ಬೆರಳು ಮಾಡಿ, ಸೆರಗು ಸಿಕ್ಕಿಸಿ ನಡೆದಳು. ನಾನು ಹೊರಗೆ ಮರದ ಕೆಳಗೆ, ಮಕ್ಕಳನ್ನು ಕಳಿಸಿದ ತಾಯಂದಿರ ಜೊತೆ, ಉಗುರು ಕಚ್ಚುತ್ತ ಕೂತೆ. ಮುಗಿಸಿ ಬಂದವಳ ಮುಖ ಅರಳಿತ್ತು. ಹೇಗಿತ್ತು ಎಂದರೆ, ಮದುವೆ ಮನೆಗೆ ಹೋಗಿ ಬಂದವಳ ಹಾಗೆ, ಎಲ್ಲ ನಮ್ಮೋರೇ ಸಿಕ್ಕಿದ್ರು ಕಣೇ ಅಂದಳು.

ಫಲಿತಾಂಶ ಬಂದ ದಿನ ಸಿಂಗಾಪುರದ ಮನೆಯಲ್ಲೇ ಇದ್ದೆ. ಅಜ್ಜಿ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮೊಬೈಲಿನಲ್ಲಿ ಅವಳ ನಂಬರ್ ಹಾಕಿ ನೋಡಿದೆ. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದೆ. ಆಮೇಲೆ, ಚಿಕ್ಕಮ್ಮ ನೀನು ಪಾಸ್, ಇಂಗ್ಲಿಷಿನಲ್ಲೂ ಪಾಸ್ ಎಂದು ಕೂಗಿದೆ.

ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಅಲ್ಲೇ, ಅಜ್ಜಿಯ ಪಕ್ಕ, ನೆಲದ ಮೇಲೆ ಕೂತಳು. ಅಜ್ಜಿಯ ಕೈ ಮೊರದಲ್ಲಿ ನಿಂತಿತು.

"ಆವತ್ತು ಡಾಕ್ಟ್ರು ಹೇಳಿದ್ದೂ ಇದೇ ಮಾತು ಕಣೇ," ಅಂದಳು ಚಿಕ್ಕಮ್ಮ. "ನಿಮ್ ಚಿಕ್ಕಪ್ಪಂಗೆ ಆಪರೇಷನ್ ಆದ್ ದಿನ. ಆ ಡಾಕ್ಟ್ರಿಗೆ ಕನ್ನಡ ಬರ್ತಿರ್ಲಿಲ್ಲ. ಮೆತ್ತಗೆ ಏನೇನೋ ಹೇಳ್ದ, ನಂಗೆ ಕೇಳ್ಸಿದ್ದು ಪಾಸ್ಡ್ ಅಂತ ಒಂದೇ. ಪಾಸ್ ಆದ್ರು ಅಂದ್ಕೊಂಡೆ. ಗಂಡಾಂತರ ಕಳೀತು ಅಂದ್ಕೊಂಡೆ. ಕೈ ಮುಗ್ದು ಥ್ಯಾಂಕ್ಸ್ ಹೇಳ್ದೆ ಅವ್ನಿಗೆ. ಕ್ಯಾಂಟೀನ್ಗೆ ಓಡಿ ಮೈಸೂರ್ ಪಾಕ್ ತಂದು ಅತ್ತೆ ಕೈಗೆ ಕೊಟ್ಟೆ. ಪಾಸ್ಡ್ ಅವೇ ಅಂದ್ರೆ ತೀರ್ಕೊಂಡ್ರು ಅಂತ ಆಮೇಲೆ ಯಾರೋ ಹೇಳಿದ್ರು."

ಅಜ್ಜಿ ತಲೆಯೆತ್ತಲಿಲ್ಲ. ಅರ್ಧ ತಿಂದಿದ್ದೆ ಕಣವ್ವ ಎಂದರು, ಅಷ್ಟೇ.

ಇಷ್ಟು ಭಾನುವಾರ ಅವಳ ಎದುರು ಕೂತಿದ್ದೆ, ನಕ್ಕಿದ್ದೆ, ನಗಿಸಿದ್ದೆ. ಆ ಡಾಕ್ಟರ ಮೇಲೆ ನನಗೆ ಸಿಟ್ಟು ಬಂತು. ಅವಳಿಗೆ ಬಂದಿರಲಿಲ್ಲ. ಪಾಪದ ಹುಡುಗ, ಅವನ ಭಾಷೆಯಲ್ಲಿ ನೋವಾಗದ ಹಾಗೆ ಹೇಳಿದ ಅಂದಳು. ಎಂ.ಎ. ಮುಗಿಸಿ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರುತ್ತಾಳಂತೆ. ಡಾಕ್ಟರು ಹೇಳುವುದನ್ನು ಕೇಳಿಸಿಕೊಂಡು ಹೊರಗೆ ಕಾಯುವವರಿಗೆ ತಿಳಿಸುವ ಕೆಲಸವೊಂದು ಇದೆಯಂತೆ. ಅದಕ್ಕೆ ಈ ಓದು, ಅದಕ್ಕೆ ಈ ಇಂಗ್ಲಿಷು.

ಅಜ್ಜಿ ಸೆರಗಿನಿಂದ ಸೊಸೆಯ ಮುಖ ಒರೆಸಿದರು. ಅಂಥ ಮಾತನ್ನು ನೀನಾದರೂ ಹೇಗೆ ಹೇಳುತ್ತೀಯ ಎಂದು ಕೇಳಿದೆ.

"ಮೊದ್ಲು ಕೂರಿಸ್ತೀನಿ," ಅಂದಳು ಚಿಕ್ಕಮ್ಮ. "ಕೈ ಹಿಡ್ಕೋತೀನಿ. ಆಮೇಲೆ ಕನ್ನಡದಲ್ಲಿ ಹೇಳ್ತೀನಿ."