ಎಡತೊಟ್ಟಿಯ ಪಂಕ್ತಿಭೇದ

ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಅಳತೆಪಟ್ಟಿ ಹಿಡಿದು ವರಾಂಡಕ್ಕೆ ಬಂದ ಗುರುಸಿದ್ದಪ್ಪ ಎಡಗಡೆಯ ಗಾಜಿನ ತೊಟ್ಟಿ ನೋಡಿದವನೇ ಪೇಸ್ಟು ನುಂಗಿಬಿಟ್ಟ. ಬೆಳೆಯಬಾರದ ಮೀನುಗಳು ಬೆಳೆದಿದ್ದವು!

ಧಾರವಾಡದ ಕಡೆಯ ಅಪ್ಪಟ ಸಸ್ಯಾಹಾರಿ ಗುರುಸಿದ್ದಪ್ಪ ನಾಗಪುರದ ಮೀನು ಸಂಶೋಧನಾ ಕಚೇರಿಯೊಂದರಲ್ಲಿ ಸಹಾಯಕ. ಜನ್ಮದಲ್ಲಿ ಒಂದು ಮೀನೂ ತಿನ್ನದೆ ಸಾವಿರಾರು ಮೀನುಗಳಿಗೆ ತಿನ್ನಿಸಿದ ಪುಣ್ಯಾತ್ಮ. ಕಚೇರಿಯಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತದೆಂದು ಪ್ರಯೋಗವನ್ನೇ ಪ್ರತಾಪ ನಗರದ ತನ್ನ ಬಾಡಿಗೆ ಮನೆಗೆ ಹೊತ್ತು ತಂದಿದ್ದ.

ಪ್ರಯೋಗ ಟಾರೀನ್ ಎಂಬ ಸತ್ವದ್ದು. ಕೆರೆಯಲ್ಲಿ ಹುಟ್ಟಿದ ಮೀನಿನ ಮರಿ ಹುಳಹುಪ್ಪಟೆ ತಿಂದು ಅದನ್ನು ತಾನೇ ಗಿಟ್ಟಿಸಿಕೊಳ್ಳುತ್ತದೆ. ಸಾಕಿದ ಮರಿಗೆ ಬರೀ ಸೋಯಾ ಹಿಟ್ಟು ಹಾಕಿದರೆ, ಹಿಟ್ಟಿನಲ್ಲಿ ಟಾರೀನ್ ಇಲ್ಲದೆ ಮರಿ ಮರಿಯಾಗಿಯೇ ಉಳಿಯುತ್ತದೆ. ಬಲತೊಟ್ಟಿಗೆ ಹಿಟ್ಟಿನ ಜೊತೆ ಬಾಟಲಿಯ ಟಾರೀನ್, ಎಡತೊಟ್ಟಿಗೆ ಬೋಳು ಹಿಟ್ಟು. ಇದನ್ನು ಹೆಂಡತಿಗೆ ಒಪ್ಪಿಸಿ ಟ್ರೇನಿಂಗಿಗೆ ಹೋದವನು ಮರಳಿದ್ದು ಹಿಂದಿನ ರಾತ್ರಿಯಷ್ಟೇ. ಇವತ್ತು ಸಂಜೆ ನಾಲ್ಕಕ್ಕೆ ಇಲಾಖೆಯ ಮೇಲಧಿಕಾರಿ, ದಿಲ್ಲಿಯ ಡಾಕ್ಟರ್ ನರಹರಿ ಪರೀಕ್ಷೆಗೆ ಬರುವವರು. ವ್ಯತ್ಯಾಸ ಕಂಡರೆ ನಾಗಪುರದಲ್ಲೇ ಠಿಕಾಣಿ, ಇಲ್ಲದಿದ್ದರೆ ಉಮರೇಡಿನ ಕೊಳಗಳಿಗೆ ವರ್ಗ.

"ಚಂದ್ರಾ! ನಾ ನಲವತ್ತು ದಿನ ಟ್ರೇನಿಂಗಿಗೆ ಹೋದಾಗ ಎಡತೊಟ್ಟಿಗೆ ಏನ್ ಹಾಕಿದಿ?"

"ನೀವು ಹೇಳಿದ ಹಿಟ್ಟs ರೀ. ಮ್ಯಾಲೆ ಒಂದು ಚಿಟಿಕಿ ಒಣ ಸಿಗಡಿ ಪುಡಿ" ಎಂದಳು ಹೆಂಡತಿ ಚಂದ್ರಮ್ಮ.

"ಸಿಗಡಿ? ನಮ್ಮ ಮನ್ಯಾಗ?"

"ಬಾಜೂ ಮನಿ ಮೇಶ್ರಾಮ್ ಕಾಕೂ ಕುಟ್ಟಿ ಕೊಟ್ಟರು. ಮೂಗಿಗೆ ಸೆರಗು ಕಟಗೊಂಡು, ದೂರಿಂದ ಚಮಚದಲೆ ಉದುರಿಸಿ, ಮತ್ತ ಜಳಕ ಮಾಡೇನಿ. ಒಂದs ಮನ್ಯಾಗ ಒಂದು ಪಂಕ್ತಿಗೆ ಹೋಳಿಗಿ, ಒಂದು ಪಂಕ್ತಿಗೆ ಒಣ ರೊಟ್ಟಿ ಬಡಸೋದು ಚಲೋ ಏನ್ರಿ? ನಮ್ಮ ಮಠದ ದಾಸೋಹದಾಗ ಹಿಂಗ ಮಾಡಿದ್ರ ಎಬ್ಬಿಸಿ ಕಳಸ್ತಿದ್ರು!"

ಗುರುಸಿದ್ದಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮೀನುಗಳ ಕಡೆ ನೋಡಿದಾಗ ಅರ್ಧದಷ್ಟು ಇಳಿಯಿತು. ಹೊಸ ಸ್ಟೀಲ್ ಚಮಚಗಳಂತೆ ಹೊಳೆಯುತ್ತಿದ್ದವು, ನಡುಬೆರಳಿನಷ್ಟು ಉದ್ದ. ಬಲತೊಟ್ಟಿಯವನ್ನೂ ಕೂದಲೆಳೆಯಷ್ಟು ಮೀರಿಸಿದ್ದವು.

ಕಂಪೌಂಡಿನ ಮೇಲಿಂದ ಮೇಶ್ರಾಮ್ ಕಾಕೂ ಇಣುಕಿದಳು. ಚಂದ್ರಮ್ಮನಿಂದ ಕಲಿತ ಕನ್ನಡಕ್ಕೆ ತನ್ನ ಮರಾಠಿಯ ಮಸಾಲೆ ಬೆರೆಸಿ ಮಾತಾಡುವವಳು. "ಭಾವು, ಏಕದಮ್ ಝಕಾಸ್ ಬೆಳದಾವ! ನನ್ನ ಸಿಗಡಿ ಕಮಾಲ್!"

ಕಮಾಲ್ ಅಲ್ಲ, ತನಗೆ ಕೊಕ್ಕೆ ಎಂದು ಗೊಣಗಿದ ಗುರುಸಿದ್ದಪ್ಪ, ಎಡತೊಟ್ಟಿಯ ನಲವತ್ತೂ ಮೀನುಗಳನ್ನು ಬಕೀಟಿಗೆ ತುಂಬಿ ಗೋಡೆ ದಾಟಿಸಿದ. "ತಗೋರಿ ಕಾಕೂ. ಏನರ ಮಾಡ್ರಿ, ನನ್ನ ಕಣ್ಣಿಗೆ ಬೀಳಬಾರದು."

ಮೀನನ್ನು 'ಏನಾದರೂ' ಮಾಡುವುದರಲ್ಲಿ ಕಾಕೂಗೆ ಯಾವ ಗೊಂದಲವೂ ಇರಲಿಲ್ಲ.

ಖಾಲಿಯಾದ ಎಡತೊಟ್ಟಿಗೆ ಸಣ್ಣ ಮರಿಗಳನ್ನು ತರಲು ಅವನ ಸ್ಕೂಟರು ಕಾಮಠಿಯ ಕೆರೆಗೆ ಓಡಿತು. "ಇದೇ ಜಾತೀದು, ಇದ್ದದ್ರಾಗ ಸಣ್ಣಾವು ಕೊಡಪ್ಪಾ" ಎಂದು ಹಿಂದಿಯಲ್ಲಿ ಅಂಗಲಾಚಿದಾಗ, ಕೆರೆಯ ಮೀನುಗಾರ ಇವನನ್ನು ಕ್ಷೌರಿಕನ ಬಳಿ ಕೂದಲು ಉದ್ದ ಮಾಡೆಂದು ಕೇಳಿದವನನ್ನು ನೋಡುವಂತೆ ನೋಡಿದ. ಬರುವಾಗ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದ್ದೇ, ಮೊಣಕಾಲ ನಡುವಿನ ಡಬ್ಬಿಯಿಂದ ಒಂದು ಮರಿ ಹಾರಿ ಟ್ರಾಫಿಕ್ ಪೊಲೀಸನ ಬೂಟಿನ ಮೇಲೆ ಬಿತ್ತು. ಅದನ್ನು ಹಿಡಿಯಲು ಗುರುಸಿದ್ದಪ್ಪ ಬಗ್ಗಿದ್ದನ್ನು ಕಾಲಿಗೆ ಬಿದ್ದನೆಂದು ತಿಳಿದ ಪೊಲೀಸ್, ಇಡೀ ಚೌಕದ ಗಾಡಿಗಳನ್ನು ನಿಲ್ಲಿಸಿ ಅವನನ್ನು ಮುಂದೆ ಬಿಟ್ಟ.

ನಾಲ್ಕು ಹೊಡೆಯುವಾಗ ಎಡತೊಟ್ಟಿಯಲ್ಲಿ ಬೆಂಕಿಕಡ್ಡಿಯಷ್ಟು ಮರಿಗಳು ಕುಸ್ತಿ ಆಡುತ್ತಿದ್ದವು. ನರಹರಿ ಬಂದರು. ಮೂಲ ಮೈಸೂರಿನವರು. ಬಲಕ್ಕೊಮ್ಮೆ ಎಡಕ್ಕೊಮ್ಮೆ ಕನ್ನಡಕ ತಿರುಗಿಸಿ ಆಕಳಿಸಿದರು.

"ವ್ಯತ್ಯಾಸ ಇದೆ, ಸರಿ. ಊರೂರಲ್ಲೂ ಇದನ್ನೇ ನೋಡಿ ಸಾಕಾಗಿದೆ ಕಣ್ರೀ. ಟಾರೀನ್ ಬೇಕು ಅಂತ ಯಾರಿಗ್ ಗೊತ್ತಿಲ್ಲ? ಆ ಬಾಟಲಿ ಮೀನು ಸಾಕೋ ರೈತನ ಕೈಗೆ ಎಟುಕಲ್ವಲ್ಲ! ಸಂತೇಲಿ ಸಿಗೋ ಪದಾರ್ಥ ಹಾಕಿ ಬೆಳೆಸಿದವರು ಒಬ್ಬರು ಸಿಕ್ಕಿದ್ರೂ ಈ ನಾಗಪುರದಲ್ಲೇ ಪ್ರಯೋಗಾಲಯ ಹಾಕಿಸಿಕೊಡ್ತಿದ್ದೆ."

ಚಹಾ ತಂದ ಚಂದ್ರಮ್ಮ ಲೋಟ ಇಡುವ ಮೊದಲೇ ಬಾಯಿಬಿಟ್ಟಳು. "ನಾನs ಬೆಳಸೇನ್ರಿ ಸರ್! ಸಿಗಡಿ ಪುಡಿ ಹಾಕಿ!"

ಗಂಡ ಕಣ್ಸನ್ನೆ ಮಾಡಿದ, ಕೆಮ್ಮಿದ. ಆದರೂ ಪುಡಿ, ಪಂಕ್ತಿ, ಬಕೀಟು, ಕಾಮಠಿ ಎಲ್ಲವೂ ಅವಳ ಬಾಯಿಂದ ಹೊರಬಂದವು.

"ಅದಕ್ಕೇ ಇವು ಇಷ್ಟು ಚುರುಕು! ಕೆರೇಲಿ ತಿಂದು ಬೆಳೆದ ಮರಿಗಳು!" ನರಹರಿ ಎದ್ದು ನಿಂತರು. "ಸಿಗಡೀಲಿ ಟಾರೀನ್ ತುಂಬಿ ತುಳುಕುತ್ತಮ್ಮಾ! ಎಲ್ಲಿವೆ ಆ ನಲವತ್ತು ಮೀನು?"

ಉತ್ತರ ಗೋಡೆಯ ಮೇಲಿಂದ ಬಂತು, ಸ್ಟೀಲ್ ತಟ್ಟೆಯಲ್ಲಿ. "ದಿಲ್ಲಿ ಸಾಹೇಬ್ರಿಗೆ ಎರಡು ಉಳಿಸೇನಿ. ಗರಮಾಗರಂ!"

ನರಹರಿ ಕರಿದ ಮೀನುಗಳಿಗೇ ಅಳತೆಪಟ್ಟಿ ಹಿಡಿದು ನಿಟ್ಟುಸಿರಿಟ್ಟರು. ಚಂದ್ರಮ್ಮನಿಗೆ ಕೈ ಮುಗಿದರು. "ಅಮ್ಮಾ, ನಮ್ಮ ಇಡೀ ಇಲಾಖೆಗೆ ಹೊಳೀದಿದ್ದು ನಿಮ್ಮ ಕರುಣೆಗೆ ಹೊಳೀತು. ಆದ್ರೆ ಒಗ್ಗರಣೆ ಹಾಕಿದ ಸಾಕ್ಷಿ ನಡೆಯಲ್ಲ. ಗುರುಸಿದ್ದಪ್ಪ, ಮೊದಲಿಂದ ಮಾಡಿ, ದೊಡ್ಡದಾಗಿ. ಉಮರೇಡ್ ಕೊಳಗಳಿಗೆ ನಾಳೆನೇ ಹೊರಡಿ."

"ಆಗ್ಲಿ ಸರ್" ಎಂದು ಗುರುಸಿದ್ದಪ್ಪ ತಲೆ ಬಾಗಿಸಿದ. "ಚಂದ್ರಾನ್ನೂ ಕರಕೊಂಡು..."

"ಅಯ್ಯೋ, ಬೇಡಪ್ಪಾ! ಒಂದು ಕೊಳ ಬೋಳು ಹಿಟ್ಟಲ್ಲೇ ಇರಬೇಕು. ಇವರು ಬಂದ್ರೆ ಇರುತ್ತಾ? ನೀವೊಬ್ರೇ ಹೋಗಿ, ಆರು ತಿಂಗಳು."

ಉಮರೇಡಿನಲ್ಲಿ ಅರೆಹೊಟ್ಟೆಯಲ್ಲಿ ಬದುಕಬೇಕಾದದ್ದು ಆ ಕೊಳವೊಂದೇ ಅಲ್ಲವೆಂಬುದು, ಜನ್ಮದಲ್ಲಿ ಒಲೆ ಹಚ್ಚದ ಗುರುಸಿದ್ದಪ್ಪನಿಗೆ ಆಗ ಹೊಳೆಯಿತು.